ಹಳೆಯ ಕಾರಿನ ಕಂಪ್ರೆಶನ್ ಇಳಿದಿದೆಯೇ? ಎಂಜಿನ್ ಬಿಚ್ಚಿಸುವ ಮೊದಲು ಅಳೆದು ನೋಡಿ

ಕುಮಟೆಯಿಂದಲೂ ಶಿರಸಿಯಿಂದಲೂ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡಿದ್ದೇನೆ. ಊರೊಳಗೆ ಚೆನ್ನಾಗಿಯೇ ಓಡುತ್ತದೆ. ದೇವಿಮನೆ ಘಟ್ಟ ಹತ್ತುವಾಗ ಮಾತ್ರ ಏದುಸಿರು ಬಿಡುತ್ತದೆ. ಗ್ಯಾರೇಜಿನಲ್ಲಿ ಕಂಪ್ರೆಶನ್ ಹೋಗಿದೆ, ಎಂಜಿನ್ ಬಿಚ್ಚಬೇಕು ಎನ್ನುತ್ತಾರೆ. ಬಿಚ್ಚಿಸಲೇ?"

ಅಳೆಯದೆ ಬಿಚ್ಚಿಸಬೇಡಿ. ಕಂಪ್ರೆಶನ್ ಹೋಗಿದೆ ಎನ್ನುವುದು ಜ್ವರ ಬಂದಿದೆ ಎಂದ ಹಾಗೆ. ಯಾವ ಜ್ವರ ಎಂದು ತಿಳಿಯದೆ ಔಷಧಿ ಕೊಡಲಾಗದು.

ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರುವಾಗ ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು ಹತ್ತನೆಯ ಒಂದು ಪಾಲು ಜಾಗಕ್ಕೆ ಒತ್ತುತ್ತದೆ. ಹಾಗೆ ಒತ್ತಿದಾಗ ಹುಟ್ಟುವ ಒತ್ತಡವೇ ಕಂಪ್ರೆಶನ್. ಒತ್ತಿದ ಗಾಳಿ ಸೋರಲು ಮುಖ್ಯವಾಗಿ ಮೂರು ದಾರಿಗಳಿವೆ. ಪಿಸ್ಟನ್ನಿನ ಸುತ್ತ ಕೂರುವ ಉಕ್ಕಿನ ಬಳೆಗಳು, ಅಂದರೆ ರಿಂಗುಗಳು ಸವೆದರೆ ಗಾಳಿ ಕೆಳಕ್ಕೆ ಇಳಿಯುತ್ತದೆ. ಗಾಳಿ ಒಳಬರುವ, ಹೊಗೆ ಹೊರಹೋಗುವ ಬಾಗಿಲುಗಳಾದ ವಾಲ್ವ್‌ಗಳು ಸರಿಯಾಗಿ ಮುಚ್ಚದಿದ್ದರೆ ಅಲ್ಲಿಂದ ಸೋರುತ್ತದೆ. ಎಂಜಿನ್ನಿನ ಬುಡಕ್ಕೂ ತಲೆಭಾಗವಾದ ಹೆಡ್ಡಿಗೂ ನಡುವೆ ಇರುವ ತೆಳು ಹಾಳೆ, ಹೆಡ್ ಗ್ಯಾಸ್ಕೆಟ್, ಸುಟ್ಟಿದ್ದರೆ ಅಲ್ಲಿಂದ ಹೋಗುತ್ತದೆ. ಮೂರಕ್ಕೂ ಖರ್ಚು ಬೇರೆ ಬೇರೆ. ವಾಲ್ವ್ ಸಂದು ಸರಿಪಡಿಸುವ ಟ್ಯಾಪೆಟ್ ಸೆಟ್ಟಿಂಗ್ ಅರ್ಧ ದಿನದ ಕೆಲಸ. ರಿಂಗಿನ ಕೆಲಸಕ್ಕೆ ಎಂಜಿನ್ ಕೆಳಗಿಳಿಸಬೇಕು. ಆದ್ದರಿಂದ ಎಷ್ಟು ಇಳಿದಿದೆ ಎಂಬುದರ ಜೊತೆಗೆ ಎಲ್ಲಿ ಸೋರುತ್ತಿದೆ ಎಂದೂ ಕೇಳಬೇಕು. ಕಾರು ಕೊಳ್ಳುವ ಮುನ್ನ ನೋಡುವವರಿಗೂ, ಕೊಂಡ ಮೇಲೆ ಚಿಂತೆಗೆ ಬಿದ್ದವರಿಗೂ ಕ್ರಮ ಒಂದೇ.

1. ಉಪಕರಣವಿಲ್ಲದೆ ತಿಳಿಯುವುದನ್ನು ಮೊದಲು ತಿಳಿಯಿರಿ

ಕಾರು ನೋಡಲು ಬೆಳಗ್ಗೆ ಬೇಗ ಹೋಗಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿಯಾಗಿದ್ದರೆ ನೀವು ಬರುವ ಮೊದಲೇ ಯಾರೋ ಸ್ಟಾರ್ಟ್ ಮಾಡಿದ್ದಾರೆ ಎಂದರ್ಥ. ಸವೆದ ಎಂಜಿನ್ ತಣ್ಣಗಿದ್ದಾಗಲೇ ತನ್ನ ರೋಗವನ್ನು ತೋರಿಸುತ್ತದೆ. ಇನ್ನೊಂದು ದಿನ ಬರುತ್ತೇನೆ ಎಂದು ಹೇಳಲು ಸಂಕೋಚ ಬೇಡ.

ಸೆಲ್ಫ್ ಹೊಡೆಯುವಾಗ, ಅಂದರೆ ಸ್ಟಾರ್ಟರ್ ಮೋಟಾರು ಎಂಜಿನ್ ತಿರುಗಿಸುವಾಗ, ಕಿವಿಗೊಡಿ. ಎಲ್ಲ ಸಿಲಿಂಡರ್ ಸರಿಯಿದ್ದರೆ ಶಬ್ದಕ್ಕೆ ಒಂದೇ ಲಯವಿರುತ್ತದೆ. ಒಂದು ಸಿಲಿಂಡರ್ ಸೋರುತ್ತಿದ್ದರೆ ಅದರ ಸರದಿ ಬಂದಾಗಲೆಲ್ಲ ಭಾರ ತಪ್ಪಿ ಸರ್ರನೆ ಜಾರಿದಂತೆ ಕೇಳಿಸುತ್ತದೆ.

ಸ್ಟಾರ್ಟ್ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ಅಲ್ಲಿಯೇ ತಲೆಕೆಳಗಾಗಿ ಇಡಿ. ಸಣ್ಣಗೆ ಅದುರಿದರೆ ಅಡ್ಡಿಯಿಲ್ಲ. ಕುಣಿದು ಹಾರಿಬಿದ್ದರೆ, ಅಲ್ಲಿಂದ ಹೊಗೆ ಪುಕ್ ಪುಕ್ ಎಂದು ಬಂದರೆ, ರಿಂಗುಗಳ ಮೇಲೆ ಅನುಮಾನ ಪಡಬೇಕು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಅದಕ್ಕೆ ಸಿಹಿ ವಾಸನೆಯಿದ್ದರೆ, ರೇಡಿಯೇಟರಿನ ಕೂಲಂಟ್ ಸಿಲಿಂಡರಿಗೆ ಇಳಿಯುತ್ತಿದೆ.

ನಮ್ಮ ಕರಾವಳಿಯಲ್ಲಿ ಅನೇಕರು ಮೋಸಹೋಗುವ ಒಂದು ಲಕ್ಷಣವಿದೆ. ಆಯಿಲ್ ಮುಚ್ಚಳದ ಒಳಭಾಗದಲ್ಲಿ ಬೆಣ್ಣೆಯಂತಹ ಕೆನೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರಿನ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಮುಚ್ಚಳಕ್ಕೆ ತಾಗಿ ಆಯಿಲ್ ಜೊತೆ ಕೆನೆಗಟ್ಟುತ್ತದೆ. ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ನೋಡಿ. ಕಡ್ಡಿಯಲ್ಲಿರುವ ಆಯಿಲ್ ಸ್ವಚ್ಛವಾಗಿದ್ದು, ರೇಡಿಯೇಟರಿನ ನೀರಿನ ಮಟ್ಟ ಇಳಿಯದೆ ಇದ್ದರೆ ಹೆದರಬೇಡಿ. ಕಡ್ಡಿಯಲ್ಲೂ ಹಾಲು ಹಾಕಿದ ಚಹಾದ ಬಣ್ಣವೇ ಇದ್ದರೆ ಆ ಕಾರನ್ನು ಓಡಿಸಲೇಬೇಡಿ.

2. ಏನೇನು ಬೇಕು

ಸ್ಕ್ರೂನಂತೆ ತಿರುಗಿಸಿ ಕೂರಿಸುವ ಕಂಪ್ರೆಶನ್ ಗೇಜು, ಸಿಲಿಂಡರಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚುವ ಪಾನಾ, ಪಂಪು ಅಥವಾ ಕಂಪ್ರೆಸರಿನ ಗಾಳಿ, ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ, ಒಂದು ಚಮಚ ಎಂಜಿನ್ ಆಯಿಲ್, ಪೆನ್ನು, ಕಾಗದ, ಮತ್ತು ಒಳಗೆ ಕುಳಿತು ಸೆಲ್ಫ್ ಹೊಡೆಯಲು ಇನ್ನೊಬ್ಬರು. ರಬ್ಬರ್ ತುದಿಯನ್ನು ಕೈಯಿಂದ ಒತ್ತಿ ಹಿಡಿಯುವ ಗೇಜುಗಳೂ ಸಿಗುತ್ತವೆ. ಕೈ ಸ್ವಲ್ಪ ಸಡಿಲವಾದರೂ ಅವು ತಪ್ಪು ಅಂಕಿ ತೋರಿಸುತ್ತವೆ. ತೆಗೆದುಕೊಳ್ಳಬೇಡಿ.

ಗೇಜಿನ ಕೊಳವೆಯ ತುದಿಯಲ್ಲಿ ಟೈರಿನ ವಾಲ್ವ್ ಪಿನ್ನಿನಂತೆಯೇ ಕಾಣುವ ಪುಟ್ಟ ಪಿನ್ ಇರುತ್ತದೆ. ಅದು ಹಾಳಾದರೆ ಕೆಲವರು ಟೈರಿನ ಪಿನ್ ಹಾಕಿಬಿಡುತ್ತಾರೆ. ಟೈರಿನ ಪಿನ್ನಿನ ಸ್ಪ್ರಿಂಗ್ ಗಟ್ಟಿ. ಅದನ್ನು ಹಾಕಿದ ಗೇಜು ಒಳ್ಳೆಯ ಎಂಜಿನ್ನನ್ನೂ ಕೆಟ್ಟದ್ದೆಂದು ತೋರಿಸುತ್ತದೆ. ಬೇರೆಯವರ ಗೇಜು ಎರವಲು ತಂದಿದ್ದರೆ ಮೊದಲು ಒಂದು ಒಳ್ಳೆಯ ಕಾರಿನಲ್ಲಿ ಪರೀಕ್ಷಿಸಿಕೊಳ್ಳಿ.

3. ಎಂಜಿನ್ ಸಿದ್ಧಪಡಿಸುವುದು

ಇಲ್ಲಿ ಆತುರಪಟ್ಟರೆ ಅಂಕಿಯೂ ಕೆಡುತ್ತದೆ, ಎಂಜಿನ್ನೂ ಕೆಡುತ್ತದೆ.

ಉಪ್ಪುಗಾಳಿಯ ಊರುಗಳಲ್ಲಿ ವರ್ಷಗಟ್ಟಲೆ ಬಿಚ್ಚದ ಪ್ಲಗ್ಗುಗಳು ಅಲ್ಯೂಮಿನಿಯಂ ಹೆಡ್ಡಿಗೆ ಕಚ್ಚಿಕೊಂಡಿರುತ್ತವೆ. ಬಿಸಿಯಿರುವಾಗ ಬಲ ಹಾಕಿ ತಿರುಗಿಸಿದರೆ ಹೆಡ್ಡಿನ ಮರೆಗಳೇ, ಅಂದರೆ ಪ್ಲಗ್ ಕಚ್ಚಿ ಕೂರುವ ತಿರುಪಿನ ಗೆರೆಗಳೇ, ಕಿತ್ತುಬರುತ್ತವೆ. ಹಿಂದಿನ ರಾತ್ರಿಯೇ ಪ್ಲಗ್ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಪ್ಲಗ್ ಕುಳಿಗಳಿಗೆ ಗಾಳಿ ಹೊಡೆದು ಮಣ್ಣು ಹಾರಿಸಿ. ತೋಟದ ರಸ್ತೆಯಲ್ಲಿ ಓಡಿದ ಕಾರಿನ ಕುಳಿಗಳಲ್ಲಿ ಕೆಂಪು ಮಣ್ಣು ತುಂಬಿರುತ್ತದೆ. ಪ್ಲಗ್ ತೆಗೆದ ಕ್ಷಣ ಅದು ಸಿಲಿಂಡರಿಗೆ ಬೀಳುತ್ತದೆ, ಬಿದ್ದ ಒಂದು ಚಿಟಿಕೆ ಮರಳು ಸಿಲಿಂಡರಿನ ಗೋಡೆಯನ್ನೇ ಗೀರುತ್ತದೆ. ಬಳಿಕ ಪ್ರತಿ ಪ್ಲಗ್ಗನ್ನೂ ಕಾಲು ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡಿ.

ಈಗ ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಓಡಿಸಿ, ಆಫ್ ಮಾಡಿ. ಸೈಲೆನ್ಸರಿನ ಕೊಳವೆ ಮುಟ್ಟದಂತೆ ಎಚ್ಚರವಿರಲಿ. ಬಿಸಿಯಿರುವ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ.

ಫ್ಯೂಸ್ ಪೆಟ್ಟಿಗೆಯಲ್ಲಿ ಫ್ಯುಯೆಲ್ ಪಂಪಿನ ಫ್ಯೂಸ್ ಅಥವಾ ರಿಲೇ ಕೀಳಿ. ಪ್ಲಗ್ಗುಗಳಿಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಶನ್ ಕಾಯಿಲುಗಳ ಕನೆಕ್ಟರುಗಳನ್ನೆಲ್ಲ ಬಿಡಿಸಿ. ಎಲ್‌ಪಿಜಿ ಅಥವಾ ಸಿಎನ್‌ಜಿ ಇದ್ದರೆ ಗ್ಯಾಸ್ ಸಿಲಿಂಡರಿನ ವಾಲ್ವನ್ನೇ ಮುಚ್ಚಿ. ಇದನ್ನು ಮರೆತರೆ ಪ್ಲಗ್ ತೂತಿನಿಂದ ಪೆಟ್ರೋಲ್ ಚಿಮ್ಮುವಾಗ ಪಕ್ಕದಲ್ಲೇ ಕಿಡಿ ಹಾರುತ್ತದೆ, ಬೆಂಕಿ ಹತ್ತುವುದು ಹೀಗೆಯೇ.

ಆಮೇಲೆ ಎಲ್ಲ ಪ್ಲಗ್ಗುಗಳನ್ನೂ ತೆಗೆದು ಸಿಲಿಂಡರಿನ ಕ್ರಮದಲ್ಲೇ ಕಾಗದದ ಮೇಲೆ ಸಾಲಾಗಿಡಿ. ಅಳೆಯಬೇಕಾದ ಒಂದನ್ನಷ್ಟೇ ತೆಗೆದರೆ ಸಾಲದು. ಪ್ಲಗ್ಗುಗಳ ಮುಖವನ್ನೂ ಓದಿ: ಕಪ್ಪಗೆ ಜಿಡ್ಡಾಗಿದ್ದರೆ ಆ ಸಿಲಿಂಡರಿಗೆ ಆಯಿಲ್ ಬರುತ್ತಿದೆ. ಉಳಿದವೆಲ್ಲ ಕಂದು ಬಣ್ಣದಲ್ಲಿದ್ದು ಒಂದು ಮಾತ್ರ ಉಗಿಯಲ್ಲಿ ತೊಳೆದಂತೆ ಫಳಫಳಿಸಿದರೆ ಅಲ್ಲಿಗೆ ಕೂಲಂಟ್ ಇಳಿಯುತ್ತಿದೆ.

4. ಅಳೆಯುವುದು

ಗೇಜನ್ನು ಒಂದನೆಯ ಸಿಲಿಂಡರಿನ ಪ್ಲಗ್ ತೂತಿಗೆ ಕೈಯಿಂದಲೇ ಬಿಗಿ ಮಾಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಒಳಗೆ ಕುಳಿತವರು ಆಕ್ಸಿಲರೇಟರನ್ನು ಪೂರ್ತಿ ತುಳಿದು ಹಿಡಿದೇ ಸೆಲ್ಫ್ ಹೊಡೆಯಬೇಕು. ತುಳಿಯದಿದ್ದರೆ ಗಾಳಿ ಒಳಬರುವ ದಾರಿ ಅರ್ಧ ಮುಚ್ಚಿಯೇ ಇರುತ್ತದೆ. ಎಲ್ಲ ಸಿಲಿಂಡರೂ ಕಡಿಮೆ ಎಂದು ಗಾಬರಿಯಾಗಿ ಬರೆದವರಲ್ಲಿ ಹೆಚ್ಚಿನವರು ಈ ಒಂದು ತಪ್ಪನ್ನೇ ಮಾಡಿರುತ್ತಾರೆ.

ಮುಳ್ಳಿನಿಂದ ಕಣ್ಣು ತೆಗೆಯಬೇಡಿ. ಒಳ್ಳೆಯ ಸಿಲಿಂಡರಿನಲ್ಲಿ ಮೊದಲ ಒತ್ತಿಗೇ ಮುಳ್ಳು ಅರ್ಧಕ್ಕಿಂತ ಮೇಲೆ ಜಿಗಿಯುತ್ತದೆ, ಮುಂದಿನ ಮೂರು ನಾಲ್ಕು ಒತ್ತುಗಳಲ್ಲಿ ಮೇಲೇರಿ ನಿಲ್ಲುತ್ತದೆ. ಆರೇಳು ಒತ್ತು ಸಾಕು. ಮೊದಲ ಒತ್ತಿನ ಅಂಕಿ, ಕೊನೆಯ ಅಂಕಿ ಎರಡನ್ನೂ ಬರೆದುಕೊಳ್ಳಿ. ಗೇಜಿನ ಒತ್ತಡ ಬಿಟ್ಟು ಮುಂದಿನ ಸಿಲಿಂಡರಿಗೆ ಹೋಗಿ. ಎಲ್ಲದಕ್ಕೂ ಒತ್ತುಗಳ ಎಣಿಕೆ ಒಂದೇ ಇರಲಿ. ನಡುವೆ ಸೆಲ್ಫ್ ನಿಧಾನವಾದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಬ್ಯಾಟರಿಯ ನೆರವು ಪಡೆದು ಮೊದಲ ಸಿಲಿಂಡರಿನಿಂದ ಮತ್ತೆ ಶುರುಮಾಡಿ. ಸೋತ ಬ್ಯಾಟರಿಯಲ್ಲಿ ಅಳೆದರೆ ಕೊನೆಯ ಸಿಲಿಂಡರಿಗೆ ಅನ್ಯಾಯವಾಗುತ್ತದೆ.

5. ಅಂಕಿಗಳನ್ನು ಓದುವುದು

ಗೇಜಿನ ಅಂಕಿ ಸಾಮಾನ್ಯವಾಗಿ ಪಿಎಸ್‌ಐನಲ್ಲಿ ಇರುತ್ತದೆ, ಟೈರಿಗೆ ಗಾಳಿ ಹಾಕುವಾಗ ಹೇಳುವ ಅದೇ ಅಳತೆ. 1 ಬಾರ್ ಎಂದರೆ ಸುಮಾರು 14.5 ಪಿಎಸ್‌ಐ. ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್ ಹೆಚ್ಚಾಗಿ 150ರಿಂದ 200 ಪಿಎಸ್‌ಐ ತೋರಿಸುತ್ತದೆ. ನಿಮ್ಮ ಕಾರಿಗೆ ಎಷ್ಟಿರಬೇಕು ಎಂಬುದು ಅದರ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ಅದೇ ಅಂತಿಮ.

ಘಟ್ಟದ ಮೇಲಿನವರು ಒಂದನ್ನು ಗಮನಿಸಬೇಕು. ಕಾರವಾರ ಸಮುದ್ರಮಟ್ಟದಲ್ಲಿದೆ, ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡವೇ ಸುಮಾರು ಶೇ 7ರಷ್ಟು ಕಡಿಮೆ. ಕಾರವಾರದಲ್ಲಿ 170 ತೋರಿಸಿದ ಎಂಜಿನ್ ಶಿರಸಿಯಲ್ಲಿ 158ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೆಳಗೆ ಅಳೆದ ಅಂಕಿಗೆ ಮೇಲೆ ಅಳೆದದ್ದನ್ನು ಹೋಲಿಸಿ ಎಂಜಿನ್ ಕುಸಿದಿದೆ ಎಂದುಕೊಳ್ಳಬೇಡಿ.

ಎತ್ತರದಿಂದ ಆಗುವ ಇಳಿಕೆ ಎಲ್ಲ ಸಿಲಿಂಡರಿಗೂ ಸಮನಾಗಿರುತ್ತದೆ. ಹೀಗಾಗಿ ನಾನು ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನೇ ಹೆಚ್ಚು ನಂಬುತ್ತೇನೆ. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ಶೇ 10ರೊಳಗೆ ಅಂತರವಿದ್ದರೆ ಚಿಂತೆಯಿಲ್ಲ. ಶೇ 25 ದಾಟಿದರೆ ಆ ಸಿಲಿಂಡರಿನಲ್ಲಿ ಖಂಡಿತ ದೋಷವಿದೆ. 165, 168, 120, 166 ಎಂದು ಬಂದರೆ ಮೂರನೆಯದು ರೋಗಿ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ತೀರಾ ಕಡಿಮೆಯಿದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ. ಅರಬೈಲು ಘಟ್ಟದಲ್ಲಿ ನೀರಿಲ್ಲದೆ ಕಾದ ಎಂಜಿನ್ನುಗಳಲ್ಲಿ ಇದನ್ನು ನಿರೀಕ್ಷಿಸಬಹುದು. ಎಲ್ಲವೂ ಸಮನಾಗಿ ಕಡಿಮೆಯಿದ್ದರೆ ಮೊದಲು ಆಕ್ಸಿಲರೇಟರ್, ಬ್ಯಾಟರಿ, ಗೇಜುಗಳನ್ನು ಮತ್ತೆ ನೋಡಿ. ಆಮೇಲೂ ಹಾಗೆಯೇ ಇದ್ದರೆ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಒಂದು ಹಲ್ಲು ಜಿಗಿದಿರಬಹುದು, ಇಲ್ಲವೇ ಇಡೀ ಎಂಜಿನ್ ಸವೆದಿರಬಹುದು. ಇರಬೇಕಾದದ್ದಕ್ಕಿಂತ ತುಂಬ ಹೆಚ್ಚಿದ್ದರೆ ಅದೂ ಒಳ್ಳೆಯದಲ್ಲ. ಒಳಗೆ ಮಸಿ ಗಟ್ಟಿಯಾಗಿದೆ ಅಥವಾ ಆಯಿಲ್ ನಿಂತಿದೆ.

6. ಒಂದು ಚಮಚ ಆಯಿಲ್

ಕಡಿಮೆ ಬಂದ ಸಿಲಿಂಡರಿನ ಪ್ಲಗ್ ತೂತಿನಿಂದ ಒಂದು ಟೀ ಚಮಚದಷ್ಟು, ಅಂದರೆ ಸುಮಾರು 5 ಮಿಲಿಲೀಟರ್, ಎಂಜಿನ್ ಆಯಿಲ್ ಬಿಡಿ. ಗೇಜು ಹಾಕದೆ ಒಂದೆರಡು ಸುತ್ತು ಸೆಲ್ಫ್ ಹೊಡೆದು ಆಯಿಲ್ ಹರಡಲು ಬಿಡಿ, ಆಗ ತೂತಿಗೆ ಮುಖ ಒಡ್ಡಬೇಡಿ. ಮತ್ತೆ ಅಳೆಯಿರಿ. ಆಯಿಲ್ ರಿಂಗಿನ ಸಂದುಗಳನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಅಂಕಿ 120ರಿಂದ 155ಕ್ಕೆ ಏರಿದರೆ ಸೋರಿಕೆ ರಿಂಗು ಅಥವಾ ಸಿಲಿಂಡರ್ ಗೋಡೆಯಲ್ಲಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಹೆಚ್ಚು ಆಯಿಲ್ ಸುರಿದರೆ ಎಲ್ಲ ಎಂಜಿನ್ನೂ ಏರಿದಂತೆಯೇ ಕಾಣುತ್ತದೆ, ಪಿಸ್ಟನ್ನಿಗೆ ಅಪಾಯವೂ ಇದೆ. ಡೀಸೆಲ್ ಎಂಜಿನ್ನಿನಲ್ಲಿ ಈ ಪರೀಕ್ಷೆ ಮಾಡಲೇಬಾರದು.

ದೋಷ ವಾಲ್ವಿನ ಕಡೆ ಎಂದು ಕಂಡರೆ ಹೆಡ್ ಇಳಿಸುವ ಮೊದಲು ಟ್ಯಾಪೆಟ್ ಸಂದು ನೋಡಿಸಿ. ವಾಲ್ವ್ ಪೂರ್ತಿ ಮುಚ್ಚಲು ಅದರ ಹಿಂಬದಿಯಲ್ಲಿ ಕೂದಲೆಳೆಯಷ್ಟು ಸಂದು ಇರಬೇಕು. ಗ್ಯಾಸಿನಲ್ಲಿ ಓಡಿದ ಹಳೆಯ ಓಮ್ನಿಯಂತಹ ವಾಹನಗಳಲ್ಲಿ ವಾಲ್ವ್ ಕೂರುವ ಅಂಚು ಸವೆದು ವಾಲ್ವ್ ಮೇಲೆ ಸರಿಯುತ್ತದೆ, ಸಂದು ಇಲ್ಲವಾಗುತ್ತದೆ, ವಾಲ್ವ್ ಸದಾ ಒಂದಿಷ್ಟು ತೆರೆದೇ ಉಳಿಯುತ್ತದೆ. ಬೇಗ ಕಂಡುಹಿಡಿದರೆ ಸಂದು ಅಳೆಯುವ ತೆಳು ತಗಡುಗಳ ಫೀಲರ್ ಗೇಜು, ಒಂದು ಪಾನಾ, ಒಂದು ಸ್ಕ್ರೂ ಡ್ರೈವರಿನಲ್ಲಿ ಸರಿಹೋಗುತ್ತದೆ. ತಡವಾದರೆ ಬಿಸಿ ಹೊಗೆ ಅದೇ ಸಂದಿಯಲ್ಲಿ ನುಗ್ಗಿ ವಾಲ್ವನ್ನು ಸುಟ್ಟುಬಿಡುತ್ತದೆ.

ಬಹುಕಾಲ ನಿಂತಿದ್ದ ಕಾರಿನ ಬಗ್ಗೆಯೂ ಆತುರದ ತೀರ್ಮಾನ ಬೇಡ. ಎರಡು ಮಳೆಗಾಲ ಕೊಟ್ಟಿಗೆಯಲ್ಲಿ ನಿಂತ ಕಾರಿನ ರಿಂಗುಗಳು ಜಿಡ್ಡಿನಲ್ಲಿ ಅಂಟಿಕೊಂಡಿರುತ್ತವೆ. ಆಯಿಲ್ ಬದಲಿಸಿ, ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೆ ಅಳೆದರೆ ಅಂಕಿ ಮೇಲೇರುವುದುಂಟು.

7. ಗಾಳಿ ಕೊಟ್ಟು ಕೇಳುವುದು

ಇದನ್ನು ಲೀಕ್‌ಡೌನ್ ಪರೀಕ್ಷೆ ಎನ್ನುತ್ತಾರೆ. ಅನುಭವಿ ಮೆಕ್ಯಾನಿಕ್ ಜೊತೆಗಿದ್ದರೆ ಮಾತ್ರ ಮಾಡಿ. ದೋಷವಿರುವ ಸಿಲಿಂಡರಿನ ಪಿಸ್ಟನ್ನನ್ನು ಎರಡೂ ಬಗೆಯ ವಾಲ್ವ್ ಮುಚ್ಚಿರುವ ಹೊತ್ತಿನಲ್ಲಿ ಮೇಲಿನ ತುದಿಗೆ ತರಬೇಕು. ಗೇಜಿನ ಕೊಳವೆಯ ಪಿನ್ ತೆಗೆದು ಅದರ ಮೂಲಕ ಕಂಪ್ರೆಸರಿನ ಗಾಳಿ ಕೊಡಬೇಕು. ಗಾಳಿ ಕೊಟ್ಟ ಕೂಡಲೇ ಎಂಜಿನ್ ಬಲವಾಗಿ ತಿರುಗಲು ನೋಡುತ್ತದೆ. ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳನ್ನು ಮೇಲೆ ಕೆಳಗೆ ಆಡಿಸುವ ದಂಡ, ತಿರುಗಿಸಿದ ಪಾನಾವನ್ನು ಅಲ್ಲೇ ಬಿಟ್ಟರೆ ಕೈ ಮುರಿಯುತ್ತದೆ. ಆದ್ದರಿಂದ ಪಾನಾ ತೆಗೆದಿಟ್ಟು, ಕಾರನ್ನು ಟಾಪ್ ಗೇರಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಗಾಳಿಯನ್ನು ನಿಧಾನವಾಗಿ ಏರಿಸಿ.

ಆಮೇಲೆ ಕಿವಿಯೇ ಉಪಕರಣ. ಸೈಲೆನ್ಸರಿನ ತುದಿಯಲ್ಲಿ ಸುಸ್ಸೆಂದರೆ ಹೊಗೆ ಹೊರಹೋಗುವ ವಾಲ್ವ್. ಏರ್ ಫಿಲ್ಟರ್ ಕಡೆ ಕೇಳಿಸಿದರೆ ಗಾಳಿ ಒಳಬರುವ ವಾಲ್ವ್. ಆಯಿಲ್ ಮುಚ್ಚಳದಲ್ಲಿ ಜೋರಾಗಿದ್ದರೆ ರಿಂಗು, ಅಲ್ಲಿ ಸಣ್ಣ ಸದ್ದು ಎಲ್ಲ ಎಂಜಿನ್ನಿಗೂ ಸಹಜ. ಪಕ್ಕದ ಪ್ಲಗ್ ತೂತಿನಿಂದ ಗಾಳಿ ಬಂದರೆ ಅಥವಾ ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ರೇಡಿಯೇಟರ್ ನೋಡಲು ಎಂಜಿನ್ ತಣಿಯುವವರೆಗೆ ಕಾಯಿರಿ. ಕೆಲಸ ಮುಗಿದ ಮೇಲೆ ಪಿನ್ನನ್ನು ಗೇಜಿಗೆ ಮರಳಿ ಹಾಕಲು ಮರೆಯಬೇಡಿ.

8. ನೆರೆಯಲ್ಲಿ ಮುಳುಗಿದ ಕಾರು

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಈ ಭಾಗವನ್ನು ಎರಡು ಸಲ ಓದಬೇಕೆಂದು ನನ್ನ ಕೋರಿಕೆ. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ ನದಿಗಳು ಉಕ್ಕಿದವು. 2021ರ ಜುಲೈಯಲ್ಲಿ ಗಂಗಾವಳಿ ಮತ್ತೆ ಉಕ್ಕಿತು. ನೆರೆನೀರು ಕಂಡ ಕಾರುಗಳು ತೊಳೆದು, ಸೀಟು ಬದಲಿಸಿಕೊಂಡು ಮಾರಾಟಕ್ಕೆ ಬರುತ್ತವೆ.

ಎಂಜಿನ್ ಓಡುತ್ತಿರುವಾಗ ಸಿಲಿಂಡರಿಗೆ ನೀರು ನುಗ್ಗಿದರೆ ಅದನ್ನು ಗಾಳಿಯಂತೆ ಒತ್ತಲಾಗುವುದಿಲ್ಲ. ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಾಗಿದರೂ ಎಂಜಿನ್ ಮತ್ತೆ ಸ್ಟಾರ್ಟ್ ಆಗಬಹುದು. ಬಾಗಿದ ರಾಡಿನ ಪಿಸ್ಟನ್ ಮೊದಲಿನಷ್ಟು ಮೇಲೇರುವುದಿಲ್ಲ, ಅಷ್ಟೇ. ನಾನು ನೋಡಿದ ಒಂದು ಕಾರಿನಲ್ಲಿ ಮೂರು ಸಿಲಿಂಡರ್ 170ರ ಹತ್ತಿರ, ನಾಲ್ಕನೆಯದು 128. ಆಯಿಲ್ ಹಾಕಿದರೆ ಹೆಚ್ಚೇನೂ ಏರಲಿಲ್ಲ. ಗಾಳಿ ಕೊಟ್ಟರೆ ಎಲ್ಲೂ ಸೋರಲಿಲ್ಲ. ಸೋರಿಕೆಯೇ ಇಲ್ಲದೆ ಒತ್ತಡ ಇಳಿದಿದೆ ಎಂದರೆ ಪಿಸ್ಟನ್ನಿನ ಎತ್ತರವನ್ನೇ ಅಳೆಯಬೇಕು.

ಅಳೆಯಲು ಎಳನೀರು ಕುಡಿಯುವ ಉದ್ದನೆಯ ಪ್ಲಾಸ್ಟಿಕ್ ಕೊಳವೆ ಸಾಕು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ 1 ಮತ್ತು 4, 2 ಮತ್ತು 3 ಜೊತೆಜೊತೆಗೇ ಮೇಲೇರುತ್ತವೆ. ಪ್ಲಗ್ ತೂತಿನಲ್ಲಿ ಕೊಳವೆ ಇಳಿಸಿ, ಕ್ರ್ಯಾಂಕನ್ನು ಪಾನಾದಿಂದ ಕೈಯಲ್ಲೇ ತಿರುಗಿಸುತ್ತ, ಕೊಳವೆ ಮೇಲೆದ್ದು ನಿಲ್ಲುವ ಜಾಗದಲ್ಲಿ ತೂತಿನ ಅಂಚಿಗೆ ಸರಿಯಾಗಿ ಪೆನ್ನಿನ ಗೆರೆ ಎಳೆಯಿರಿ. ಅದೇ ಕೊಳವೆಯನ್ನು ಜೊತೆಯ ಸಿಲಿಂಡರಿಗೆ ಇಳಿಸಿ ಇನ್ನೊಂದು ಗೆರೆ ಎಳೆಯಿರಿ. ಆ ಕಾರಿನಲ್ಲಿ 1 ಮತ್ತು 4ರ ಗೆರೆಗಳ ನಡುವೆ 2 ಮಿಲಿಮೀಟರ್ ಅಂತರವಿತ್ತು. ಅಂತಹ ರಾಡ್ ಒಂದು ದಿನ ಹೆದ್ದಾರಿಯ ವೇಗದಲ್ಲಿ ಮುರಿದು ಎಂಜಿನ್ ಗೋಡೆಯನ್ನೇ ಒಡೆದು ಹೊರಬರುತ್ತದೆ. ದಯವಿಟ್ಟು ಅಂತಹ ಕಾರು ಕೊಳ್ಳಬೇಡಿ. ಕೊಳವೆ ಒಳಗಿರುವಾಗ ಸೆಲ್ಫ್ ಹೊಡೆಯಬೇಡಿ, ಕೊಳವೆಯ ಬದಲು ಕಬ್ಬಿಣದ ಕಡ್ಡಿಯನ್ನೂ ಬಳಸಬೇಡಿ.

ಏರ್ ಫಿಲ್ಟರ್ ಡಬ್ಬಿಯ ಮೂಲೆಯಲ್ಲಿ ಒಣಗಿದ ಕೆಸರು, ಸೀಟಿನಡಿಯ ಸ್ಪ್ರಿಂಗುಗಳಲ್ಲಿ ತುಕ್ಕು, ಪೂರ್ತಿ ಹೊರಗೆಳೆದ ಸೀಟ್ ಬೆಲ್ಟಿನಲ್ಲಿ ನೀರಿನ ಕಲೆ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಮಣ್ಣು, ಇವೂ ನೆರೆಯ ಗುರುತುಗಳೇ.

9. ಡೀಸೆಲ್ ಆದರೆ

ಡೀಸೆಲ್ ಎಂಜಿನ್ನಿನ ಒತ್ತಡ ಹೆಚ್ಚಾಗಿ 350 ಪಿಎಸ್‌ಐಗೂ ಮೇಲಿರುತ್ತದೆ. ಪೆಟ್ರೋಲ್ ಗೇಜು ಹಾಕಿದರೆ ಸಿಡಿಯಬಹುದು. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಅಥವಾ ಸಿಲಿಂಡರ್ ಬಿಸಿಮಾಡುವ ಗ್ಲೋ ಪ್ಲಗ್ ತೆಗೆದು ಅಳೆಯಬೇಕಾದ್ದರಿಂದ ಡೀಸೆಲ್ ಪಂಪ್ ಕೆಲಸದವರಲ್ಲಿಗೇ ಒಯ್ಯಿರಿ. ಚಳಿಯ ಬೆಳಗ್ಗೆ ಸ್ಟಾರ್ಟ್ ಆಗಲು ತಡಮಾಡಿ ಬಿಳಿ ಹೊಗೆ ಬಿಡುವ ಗಾಡಿಗೆ ಕಂಪ್ರೆಶನ್ ಅಳೆಸುವ ಖರ್ಚು ದೊಡ್ಡದಲ್ಲ.

10. ಮರಳಿ ಜೋಡಿಸುವಾಗ

ಪ್ಲಗ್ಗುಗಳನ್ನು ಮೊದಲು ಕೈಬೆರಳಿನಿಂದಲೇ ತಿರುಗಿಸಿ. ಸಲೀಸಾಗಿ ಇಳಿಯದಿದ್ದರೆ ಮರೆ ಅಡ್ಡಬಿದ್ದಿದೆ, ಹೊರತೆಗೆದು ಮತ್ತೆ ಹಾಕಿ. ಕಾಯಿಲ್, ಫ್ಯೂಸ್, ಗ್ಯಾಸ್ ವಾಲ್ವ್ ಮೊದಲಿನಂತೆ ಮಾಡಿ. ಆಯಿಲ್ ಹಾಕಿದ ಸಿಲಿಂಡರ್ ಮೊದಲ ಕೆಲವು ನಿಮಿಷ ನೀಲಿ ಹೊಗೆ ಬಿಡುತ್ತದೆ, ತಾನಾಗಿ ನಿಲ್ಲುತ್ತದೆ.

ಅಂಕಿ ಬರೆದ ಕಾಗದದಲ್ಲಿ ತಾರೀಖು, ಊರು, ಓಡಿದ ಕಿಲೋಮೀಟರ್, ಬಳಸಿದ ಗೇಜು ಇವನ್ನೂ ಬರೆದು ಕಾರಿನ ಕಾಗದಪತ್ರಗಳ ಜೊತೆ ಇಡಿ. ಬೆಲೆಯ ಮಾತು ನಡೆಯುವಾಗ ಈ ಕಾಗದವನ್ನೇ ಮುಂದಿಡಿ. ಗ್ಯಾರೇಜಿಗೆ ಹೋದಾಗಲೂ "ಎಂಜಿನ್ ನೋಡಿ" ಎನ್ನುವ ಬದಲು, "ಮೂರನೆಯ ಸಿಲಿಂಡರ್ 120, ಆಯಿಲ್ ಹಾಕಿದರೂ ಏರಲಿಲ್ಲ, ಸೈಲೆನ್ಸರಿನಲ್ಲಿ ಸದ್ದು ಕೇಳುತ್ತದೆ, ಮೊದಲು ಟ್ಯಾಪೆಟ್ ನೋಡಿ" ಎಂದು ಹೇಳಿ. ರಿಪೇರಿ ಮುಗಿದು ಐದುನೂರು ಕಿಲೋಮೀಟರ್ ಓಡಿದ ಮೇಲೆ ಅದೇ ಊರಿನಲ್ಲಿ, ಅದೇ ಗೇಜಿನಿಂದ ಮತ್ತೊಮ್ಮೆ ಅಳೆದು, ಅದೇ ಕಾಗದದಲ್ಲಿ ಹಳೆಯ ಅಂಕಿಗಳ ಕೆಳಗೆ ಬರೆದುಕೊಳ್ಳಿ.